ಮಡಿಸುವ ಮೇಜಿನ ಮಹಾಕಾವ್ಯ

"ಅಮ್ಮ ಹಾಗೆ ಹೇಳಿರಲಿಲ್ಲ ಕಣೆ. ಅಮ್ಮನ ಕಥೆಗೆ ನೀನು ಬೆಂಕಿ ಇಟ್ಟಿದ್ದೀಯ."

"ಅಮ್ಮ ಹೇಳಿದ್ದನ್ನ ಹೇಳೋಕೆ ಅಮ್ಮ ಇದ್ದಳು. ಈಗ ನಾನಿದ್ದೀನಿ."

"ತುಂಬಿದ ಸಭೆಯಲ್ಲಿ ಆ ಹೆಣ್ಣುಮಗಳ ಮಾನ ಕಾಪಾಡಿದ್ದು ದೇವರು. ನೀನು ದೇವರ ಕೆಲಸ ಕಿತ್ತು ಅತ್ತೆ ಕೈಗೆ ಕೊಟ್ಟಿದ್ದೀಯ. ಯಾರು ಕೊಟ್ಟರು ನಿನಗೆ ಈ ಅಧಿಕಾರ?"

"ದೇವರು ಬಂದು ಬೇಡ ಅಂದನಾ? ನೀನ್ಯಾಕೆ ಅವನ ಪರವಾಗಿ ಕೂಗಾಡ್ತೀಯ? ಹೋಗು, ನಿನ್ನ ಬಾಯ್ಲರ್ ನೋಡ್ಕೋ. ಆವಿ ಇಳೀತಿದೆ."

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿ. ಕಿಟಕಿ ಇಲ್ಲ. ಚಾವಣಿಗೆ ಅಂಟಿಕೊಂಡ ಕೊಳವೆಗಳಿಂದ ಬೆಚ್ಚಗಿನ ಹನಿಗಳು ತಲೆಯ ಮೇಲೆ, ಕತ್ತಿನ ಮೇಲೆ ಬೀಳುತ್ತವೆ. ಅದನ್ನು ಒರೆಸಿಕೊಳ್ಳುವ ಅಭ್ಯಾಸವನ್ನೇ ಇಲ್ಲಿನವರು ಬಿಟ್ಟಿದ್ದಾರೆ. ಕಿತ್ತಾಡುತ್ತಿರುವವರು ಒಡಹುಟ್ಟಿದವರು. ಅಣ್ಣ ಬಾಯ್ಲರ್ ನೋಡಿಕೊಳ್ಳುವವರು, ಅರವತ್ತಕ್ಕೆ ಎರಡು ವರ್ಷ ಬಾಕಿ. ತಂಗಿ ಒಗೆದು ಒಣಗಿ ಬಂದ ಬಟ್ಟೆ ಮಡಿಸುವವರು, ವಯಸ್ಸು ಐವತ್ತನಾಲ್ಕು. ಮೇಜಿನ ಸುತ್ತ ನಿಂತ ಒಂಬತ್ತು ಹೆಂಗಸರು ಕೈಯನ್ನು ಕೆಲಸಕ್ಕೆ ಬಿಟ್ಟು, ಕಿವಿಯನ್ನು ಜಗಳಕ್ಕೆ ಕೊಟ್ಟಿದ್ದಾರೆ.

ಇದು ಮನೆ ಪಾಲಿನ ಜಗಳವಲ್ಲ. ಸಾವಿರಾರು ವರ್ಷಗಳಿಂದ ಹೇಳಿಕೊಂಡು ಬಂದ ಮಹಾಕಾವ್ಯದ ಒಬ್ಬ ರಾಣಿಗಾಗಿ ನಡೆಯುತ್ತಿರುವ ಜಗಳ. ಕುರುಡ ರಾಜನನ್ನು ಮದುವೆಯಾಗಿ ತನ್ನ ಕಣ್ಣಿಗೂ ಬಟ್ಟೆ ಕಟ್ಟಿಕೊಂಡಳಲ್ಲ, ಆ ರಾಣಿ. ಹಿಂದಿನ ದಿನ ಈ ಮೇಜಿನ ಮೇಲೆ ಅವಳು ಆ ಬಟ್ಟೆ ಬಿಚ್ಚಿದ್ದಳು.

ಲಾಂಡ್ರಿಯಲ್ಲಿ ಎಲ್ಲರೂ ತಂಗಿಯನ್ನು ಕಥೆಯಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಈ ಮೇಜಿನ ಬಳಿ ನಿಂತು ಬಟ್ಟೆ ಮಡಿಸುತ್ತಾ ಆ ಮಹಾಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಾರೆ. ಒಂದು ಸುತ್ತು ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯುತ್ತದೆ. ಈಗ ನಡೆಯುತ್ತಿರುವುದು ಹತ್ತೊಂಬತ್ತನೆಯ ಸುತ್ತು. ಊರಿನ ಸಭಾಂಗಣಗಳಲ್ಲಿ ಮೈಕಿನ ಮುಂದೆ ಕೂತು ಪುನರ್ವ್ಯಾಖ್ಯಾನ, ಮರುಓದು ಎಂದು ಗಂಟೆಗಟ್ಟಲೆ ಮಾತಾಡುವವರಲ್ಲಿ ಒಬ್ಬರೂ ಈ ನೆಲಮಾಳಿಗೆಯ ಮೆಟ್ಟಿಲು ಇಳಿದು ನೋಡಿಲ್ಲ. ನಷ್ಟ ಅವರದು.

ಕೆಲಸದ ಕ್ರಮ ಹೀಗಿದೆ. ಬೆಡ್‌ಶೀಟನ್ನು ಒಬ್ಬರೇ ಮಡಿಸಲಾಗದು, ನೆಲಕ್ಕೆ ತಾಗುತ್ತದೆ. ನೆಲಕ್ಕೆ ತಾಗಿದ್ದು ಮತ್ತೆ ಒಗೆಯಲು ಹೋಗುತ್ತದೆ. ಹಾಗಾಗಿ ಇಬ್ಬರು. ಎರಡೆರಡು ಮೂಲೆ ಹಿಡಿದು ದೂರ ಸರಿದು ಜಗ್ಗುತ್ತಾರೆ, ಆಮೇಲೆ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸುತ್ತಾರೆ. ದೂರ ಸರಿದಾಗ ಕಥೆಯಕ್ಕ ಒಂದು ಮಾತು ಹೇಳುತ್ತಾರೆ. ಹತ್ತಿರ ಬಂದಾಗ ಎದುರು ತುದಿಯಾಕೆ "ಹೂಂ" ಎನ್ನುತ್ತಾಳೆ. ಆ ಹೂಂ ಬಿದ್ದ ಕ್ಷಣದಲ್ಲಿ ಬಟ್ಟೆ ತಿರುವಬೇಕು. ಉಳಿದ ನಾಲ್ಕು ಜೋಡಿಗಳೂ ಅದೇ ಹೂಂಗೆ ಬಟ್ಟೆ ತಿರುವುತ್ತವೆ. ಯಾರೂ ಕಲಿಸಿದ್ದಲ್ಲ, ವರ್ಷಗಳಲ್ಲಿ ಕೈಗೆ ಹತ್ತಿದ್ದು. ಎದುರು ತುದಿಯಾಕೆಗೆ ಹೂಂ ತಂಗಿ ಎಂದೇ ಹೆಸರು ನಿಂತಿದೆ.

ದಿನಕ್ಕೆ ಒಂಬೈನೂರು ಬೆಡ್‌ಶೀಟು, ಏಳುನೂರು ದಿಂಬಿನ ಚೀಲ, ಆಪರೇಷನ್ ಥಿಯೇಟರಿನ ಮುನ್ನೂರು ಬಟ್ಟೆ. ಐದಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಮುಕ್ತಾಯ. ಹಿಂದೆ ಮೂರು ಹೆಜ್ಜೆ, ಮುಂದೆ ಮೂರು ಹೆಜ್ಜೆ. ಆರಡಿ ಜಾಗದಲ್ಲೇ ಕಥೆಯಕ್ಕ ದಿನಕ್ಕೆ ಎರಡು ಕಿಲೋಮೀಟರ್ ಹತ್ತಿರ ನಡೆಯುತ್ತಾರೆ. "ಪಾಪ, ಅವರು ಹನ್ನೆರಡು ವರ್ಷ ಕಾಡಲ್ಲಿ ಅಲೆದ್ರು ಅಂತ ಎಲ್ರೂ ಅಳ್ತಾರೆ. ನಂದು ಇಪ್ಪತ್ತೆರಡು ವರ್ಷ ಆಯ್ತು, ಬಾಗಿಲು ದಾಟಿಲ್ಲ" ಎಂದು ನಗುತ್ತಾರೆ. ವನವಾಸವನ್ನು ಅವರು ಒಂದೇ ವಾರದಲ್ಲಿ ಮುಗಿಸುತ್ತಾರೆ. ಯುದ್ಧಕ್ಕೆ ಮಾತ್ರ ಎರಡು ತಿಂಗಳು.

ಬಲಗೈಯ ಭುಜ ಮೂರು ವರ್ಷದಿಂದ ಹಿಡಿದುಕೊಂಡಿದೆ. ಕೈ ಮೇಲೆತ್ತಿದಾಗ ಒಳಗೆ ಏನೋ ಕಟಕಟ ಎನ್ನುತ್ತದೆ. ಮೂಲೆಯಲ್ಲಿ ಹರಿದ ಬಟ್ಟೆ ಹೊಲಿಯುವ ಮೇಜೊಂದಿದೆ. ಕೂತು ಮಾಡುವ ಕೆಲಸ. ಅದನ್ನು ಕೊಡಿ ಎಂದು ಅವರು ನಾಲ್ಕು ಸಲ ಅರ್ಜಿ ಬರೆದಿದ್ದಾರೆ. ನಾಲ್ಕು ಸಲವೂ ಆಡಳಿತದಿಂದ ಒಂದೇ ಉತ್ತರ: ನೋಡೋಣ. ಮೇಲಿನ ಮಹಡಿಯಲ್ಲಿ ಮೂಳೆ ಡಾಕ್ಟರರು ಐದು ಜನ ಇದ್ದಾರೆ. ಅವರ ಥಿಯೇಟರಿನ ಬಟ್ಟೆಯನ್ನು ಮಡಿಸುವ ಭುಜದ ಗತಿ ಇದು.

ಕಥೆ ಅವರಿಗೆ ಬಂದದ್ದೂ ಬಟ್ಟೆಯ ತುದಿಯಿಂದಲೇ. ತಾಯಿ ನಾಲ್ಕು ಬೀದಿಗಳ ಮನೆಗಳಿಗೆ ಇಸ್ತ್ರಿ ಮಾಡಿಕೊಡುತ್ತಿದ್ದವರು. ಒಂದೇ ಕೋಣೆಯ ಮನೆ, ಕೆಂಡದ ಇಸ್ತ್ರಿಪೆಟ್ಟಿಗೆ. ಮಕ್ಕಳಿಬ್ಬರೂ ಬಟ್ಟೆಯ ಎರಡು ಮೂಲೆ ಬಿಗಿಯಾಗಿ ಹಿಡಿದು ನಿಲ್ಲಬೇಕು, ತಾಯಿ ಇಸ್ತ್ರಿ ಎಳೆಯುತ್ತಾ ಕಥೆ ಹೇಳಬೇಕು. ಅಣ್ಣ ನಿಂತಲ್ಲೇ ತೂಕಡಿಸುತ್ತಿದ್ದ. ಅವನ ಮೂಲೆ ಜಾರಿದಾಗ ತಾಯಿಯ ಕೈಯಿಂದ ಒಂದು ಮೊಟಕು. ತಂಗಿ ಹೂಂಗುಟ್ಟುತ್ತಿದ್ದಳು. "ಅಮ್ಮನ ಕಥೆಯ ವಾರಸುದಾರ ನಾನು ಅಂತಾನೆ ನಮ್ಮಣ್ಣ. ಅರ್ಧ ಕಥೆ ನಿದ್ದೆಯಲ್ಲಿ ಕೇಳಿಸ್ಕೊಂಡೋನು" ಎನ್ನುತ್ತಾರೆ ಕಥೆಯಕ್ಕ.

ತಾಯಿಯ ಕಥೆಯಲ್ಲಿ ರಾಣಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು ಸಿಟ್ಟಿನಿಂದ. ನನ್ನನ್ನು ಒಂದು ಮಾತು ಕೇಳದೆ ಕೊಟ್ಟಿರಿ, ಇನ್ನು ನಿಮ್ಮಲ್ಲಿ ಯಾರ ಮುಖವನ್ನೂ ನೋಡಲ್ಲ ಎಂದು ತವರಿನವರ ಎದುರೇ ಬಿಗಿದು ಕಟ್ಟಿಕೊಂಡಳಂತೆ. ಅಣ್ಣ ತಂಗಿ ಇಬ್ಬರೂ ಬೆಳೆದದ್ದು ಈ ರಾಣಿಯ ಜೊತೆ. ತಾಯಿ ತೀರಿಕೊಂಡ ಮೇಲೆ ತಂಗಿ ಲಾಂಡ್ರಿ ಸೇರಿದಳು, ಅಣ್ಣ ಆಗಲೇ ಅಲ್ಲಿ ಬಾಯ್ಲರಿನ ಮುಂದೆ ಇದ್ದ. ಮೊದಲ ವಾರ ಮಡಿಸುವ ಮೇಜಿನ ಬಳಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಎರಡನೆಯ ವಾರ ಬೇಜಾರು ಕಳೆಯಲೆಂದು ಅವಳು ಶುರು ಮಾಡಿದ್ದು ಇಂದಿಗೂ ನಿಂತಿಲ್ಲ.

ನಿಂತಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಅದು ಬದಲಾಗುತ್ತಾ ಬಂದಿದೆ. ಈ ಮೇಜಿಗೆ ಒಂದು ಪದ್ಧತಿ ಇದೆ. ಯಾರಾದರೂ ಪ್ರಶ್ನೆ ಕೇಳಿದರೆ ಹೇಳುವವರು ಮರುದಿನ ಉತ್ತರ ತರಬೇಕು. ಉತ್ತರ ಸಿಗದಿದ್ದರೆ ಕಥೆಯೇ ಬದಲಾಗಿ ಆ ಪ್ರಶ್ನೆಗೆ ಜಾಗ ಬಿಡಬೇಕು. ನಾಲ್ಕನೆಯ ಸುತ್ತಿನಲ್ಲಿ, ಸಾಕುತಾಯಿಯ ಮನೆಯಲ್ಲಿ ಬೆಳೆದ ಒಬ್ಬಾಕೆ ಕೇಳಿದ್ದಳು, ಹೊಳೆಯಲ್ಲಿ ತೇಲಿಬಂದ ಮಗುವನ್ನು ಎತ್ತಿಕೊಂಡವಳು ಏನು ಮಾಡಿದಳು ಎಂದು. ಆ ಮಗು ಮುಂದೆ ಎಂಥ ಬಿಲ್ಲುಗಾರನಾದ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಎತ್ತಿಕೊಂಡವಳ ಸುದ್ದಿ ಯಾರಿಗೂ ಬೇಡ. ಮರುದಿನದಿಂದ ಕಥೆಯಕ್ಕನ ಕಥೆಯಲ್ಲಿ ಆ ತಾಯಿ, ಪೆಟ್ಟಿಗೆಯಲ್ಲಿ ಮಗುವಿನ ಕೆಳಗಿದ್ದ ಒದ್ದೆ ಬಟ್ಟೆಯನ್ನು ಮೊದಲು ತೆಗೆದು ಒಣಹಾಕುತ್ತಾಳೆ. "ಬಟ್ಟೆ ಒಗೆಯೋರ ಕಣ್ಣಿಗೆ ಮೊದಲು ಬೀಳೋದು ಅದೇ ಅಲ್ವಾ" ಎನ್ನುತ್ತಾರೆ.

ಹದಿನೆಂಟು ದಿನದ ಯುದ್ಧದ ರಕ್ತದ ಬಟ್ಟೆಗಳನ್ನು ಒಗೆದವರು ಯಾರು ಎಂದು ಇನ್ನೊಂದು ಸುತ್ತಿನಲ್ಲಿ ಪ್ರಶ್ನೆ ಬಂತು. ಈಗ ಯುದ್ಧದ ಪ್ರತಿ ಸಂಜೆ ಎರಡೂ ಪಾಳಯದ ಹೆಂಗಸರು ಒಂದೇ ನೀರಿಗೆ ಇಳಿಯುತ್ತಾರೆ. ರಕ್ತದ ಕಲೆ ತಣ್ಣೀರಿನಲ್ಲಿ ಹೋಗುತ್ತದೆ, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ ಎಂಬ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹಾಗಾದರೆ ಯುದ್ಧವನ್ನೇ ನಿಲ್ಲಿಸಿಬಿಡಬಹುದಲ್ಲ ಎಂದು ಕೇಳಿದರೆ ಕಥೆಯಕ್ಕ ತಲೆಯಾಡಿಸುತ್ತಾರೆ. "ಅಷ್ಟು ಉದ್ದ ಕೈ ಇಲ್ಲ ನನಗೆ. ಯುದ್ಧ ಆಗೇ ಆಗತ್ತೆ. ಯಾರ್ಯಾರು ಅಲ್ಲಿದ್ದರು ಅಂತ ಮಾತ್ರ ನಾನು ಹೇಳಬಲ್ಲೆ."

ಈ ಸುತ್ತಿನ ಪ್ರಶ್ನೆ ಹೂಂ ತಂಗಿಯದು. ಆಕೆಯ ಗಂಡ ವೆಲ್ಡಿಂಗ್ ಕೆಲಸದವನು, ಎರಡು ವರ್ಷದ ಹಿಂದೆ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡ. ಬಂಧುಗಳೆಲ್ಲ ಬಂದು ಆಕೆಗೆ ಉಪದೇಶ ಮಾಡಿ ಹೋದರು. ಆ ರಾಣಿಯನ್ನು ನೋಡಿ ಕಲಿ, ಗಂಡನಿಗೆ ಇಲ್ಲದ್ದು ತನಗೂ ಬೇಡ ಅಂದವಳು ಎಂದರು. ಒಂದು ಮುಂಜಾನೆ ಬೆಡ್‌ಶೀಟಿನ ಆ ತುದಿಯಲ್ಲಿ ನಿಂತು ಆಕೆ ಹೂಂ ಎನ್ನುವ ಬದಲು ಕೇಳಿದಳು:

"ಅಕ್ಕ, ಇಬ್ಬರೂ ಕಣ್ಣು ಮುಚ್ಕೊಂಡ್ರೆ ಒಲೆ ಮೇಲಿನ ಹಾಲು ನೋಡೋರು ಯಾರು? ನಾನು ಕಣ್ಣು ಬಿಟ್ಕೊಂಡಿರೋದಕ್ಕೇ ನಮ್ಮ ಮನೆ ನಡೀತಿದೆ. ಅವಳದ್ದು ದೊಡ್ಡತನ, ನಂದು ಸ್ವಾರ್ಥವಾ?"

ಕಥೆಯಕ್ಕನ ಬಳಿ ಮರುದಿನ ಉತ್ತರ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಕಥೆ ಜೂಜಿನ ಸಭೆಯವರೆಗೆ ಬಂತು. ಸೋತವರ ಹೆಂಡತಿಯನ್ನು ಕೂದಲು ಹಿಡಿದು ಎಳೆತಂದರು, ಉಟ್ಟ ಬಟ್ಟೆಗೆ ಕೈ ಹಾಕಿದರು. ಆ ದಿನ ಮೇಜಿನ ಮೇಲಿದ್ದದ್ದು ಆಪರೇಷನ್ನಿಗೆ ಹೊದಿಸುವ ಹಸಿರು ಬಟ್ಟೆ, ನಡುವೆ ಕಿಂಡಿ ಇರುವಂಥದ್ದು. ಅದನ್ನು ಮಡಿಸುವಾಗ ಹೂಂ ಬಿದ್ದೊಡನೆ ತಿರುವಬೇಕು, ಆಗ ಕಿಂಡಿ ಮೇಲೆ ಬರುತ್ತದೆ. ನರ್ಸ್ ಕಿಂಡಿಯನ್ನು ಗಾಯದ ಜಾಗಕ್ಕೆ ಇಟ್ಟು, ಉಳಿದದ್ದನ್ನು ಮುಟ್ಟದೆಯೇ ಬಿಡಿಸಬಹುದು. ಕಥೆಯಕ್ಕ ಬಟ್ಟೆ ಜಗ್ಗುತ್ತಾ ಹೇಳಿದರು: ಗಲಾಟೆ ಕೇಳಿ ಒಳಮನೆಯಿಂದ ಅತ್ತೆ, ಅಂದರೆ ಆ ರಾಣಿ, ಬಂದಳು. ಕಣ್ಣಿನ ಬಟ್ಟೆಯನ್ನು ಬಿಚ್ಚಿದಳು. ಅದನ್ನು ಸೊಸೆಗೆ ಸುತ್ತಿದಳು.

ಅಷ್ಟು ಸಣ್ಣ ಪಟ್ಟಿ ಸಾಲುತ್ತಾ ಎಂದು ಯಾರೋ ಕೇಳಿದರು.

"ಎಷ್ಟು ವರ್ಷದಿಂದ ಸುತ್ತಿಕೊಂಡಿದ್ದಳು ಹೇಳು. ಬಿಚ್ಚಿದಷ್ಟೂ ಬಂತು" ಎಂದರು ಕಥೆಯಕ್ಕ. "ಎಳೆಯೋನ ಕೈ ಸೋತುಹೋಯ್ತು. ಆಮೇಲೆ ಅವಳು ನೂರು ಜನ ಮಕ್ಕಳ ಮುಖವನ್ನೂ ಒಂದೊಂದಾಗಿ ನೋಡಿದಳು. ಮೊದಲನೇ ಸಲ. ನೋಡಿ, ಹೊರಗೆ ನಡೆದುಬಿಟ್ಟಳು."

ಹೂಂ ತಂಗಿ ಹೂಂ ಎನ್ನಲಿಲ್ಲ. ಬಟ್ಟೆಯ ಮೂಲೆ ಹಿಡಿದು ನಿಂತೇಬಿಟ್ಟಳು. ಆಮೇಲೆ ಮತ್ತೆ ಕೈ ಆಡಿತು, ಬಾಯಿ ಮಾತ್ರ ತೆರೆಯಲಿಲ್ಲ. ಹೂಂ ಬೀಳದ ಮೇಲೆ ಐದು ಜೋಡಿಗಳಲ್ಲಿ ಒಂದೂ ಬಟ್ಟೆ ತಿರುವಲಿಲ್ಲ. ನಲವತ್ತು ಹಸಿರು ಬಟ್ಟೆಗಳು ಕಿಂಡಿ ಒಳಗಾಗಿ ಮಡಿಸಿಕೊಂಡು ಮೇಲೆ ಹೋದವು. ಥಿಯೇಟರಿನಲ್ಲಿ ಮೊದಲನೆಯದನ್ನು ಬಿಡಿಸಿದಾಗಲೇ ಗೊತ್ತಾಯಿತು. ಬೇರೆ ಕಟ್ಟು ತರಿಸಿದರು, ಯಾವ ರೋಗಿಗೂ ತೊಂದರೆಯಾಗಲಿಲ್ಲ. ಸರ್ಜನ್ನರ ಕೂಗು ಮಾತ್ರ ನೆಲಮಾಳಿಗೆಯವರೆಗೆ ಕೇಳಿಸಿತು. ತಪ್ಪು ತಮ್ಮದೇ ಎಂದು ಕಥೆಯಕ್ಕ ಅವತ್ತೇ ಬರೆದುಕೊಟ್ಟರು. ನಲವತ್ತನ್ನೂ ತಾವೇ ನಿಂತು ಮತ್ತೆ ಮಡಿಸಿದರು. ಆ ವಿಷಯದಲ್ಲಿ ಅವರು ನೆಪ ಹೇಳುವವರಲ್ಲ.

ಮರುದಿನ ಮುಂಜಾನೆಯದೇ ಆ ಅಣ್ಣ ತಂಗಿಯ ಜಗಳ. ಮಧ್ಯಾಹ್ನಕ್ಕೆ ಆಡಳಿತಾಧಿಕಾರಿಯ ಆದೇಶ ಇಳಿದು ಬಂತು: ಕೆಲಸದ ಹೊತ್ತಿನಲ್ಲಿ ಕಥೆ ಹೇಳುವಂತಿಲ್ಲ. ಹೆಂಗಸರು ಗೊಣಗಿದರು. ಆಗ ಅಣ್ಣನೇ ಮುಂದೆ ಬಂದು, ಕಥೆ ಬೇಕಾದರೆ ನಾನು ಪುಸ್ತಕ ನೋಡಿ ಓದುತ್ತೇನೆ, ಅದರಲ್ಲಿ ಯಾರ ಕೈವಾಡವೂ ಇರುವುದಿಲ್ಲ ಎಂದು ಅಧಿಕಾರಿಗೆ ಹೇಳಿದರು. ಅಧಿಕಾರಿಗೂ ಅದು ಹಿಡಿಸಿತು. ಸಾರ್ವಜನಿಕ ಗ್ರಂಥಾಲಯದಿಂದ ದಪ್ಪ ಪುಸ್ತಕ ಬಂತು. ಮರದ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಅಣ್ಣ ಓದತೊಡಗಿದರು.

ಅವರು ಕಪಟದ ಮನುಷ್ಯರಲ್ಲ. ಅಕ್ಷರ ಅಕ್ಷರ ಬಿಡಿಸಿ, ಭಕ್ತಿಯಿಂದ ಓದಿದರು. ಆದರೆ ಪುಸ್ತಕದ ವಾಕ್ಯಗಳು ಆಸ್ಪತ್ರೆಯ ಕಾರಿಡಾರಿನಷ್ಟು ಉದ್ದ, ಹೂಂ ಹಾಕಲು ಎಲ್ಲೂ ಸಂದು ಇಲ್ಲ. ಬಟ್ಟೆಗಳ ಮಡಿಕೆ ಅಡ್ಡಾದಿಡ್ಡಿಯಾಯಿತು. ಕಥೆಯಕ್ಕ ಮಡಿಸುತ್ತಲೇ ಇದ್ದರು. ನಾಲ್ಕನೆಯ ದಿನ ರಾಣಿಯ ಮದುವೆಯ ಭಾಗ ಬಂತು. ಅಣ್ಣ ಓದಿದರು: ಗಂಡನಿಗಿಂತ ತಾನು ಹೆಚ್ಚಿನವಳಾಗಬಾರದೆಂದು, ಅವನಲ್ಲಿ ಕೊರತೆ ಕಾಣಬಾರದೆಂದು, ಪ್ರೀತಿಯಿಂದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಓದಿ ನಿಲ್ಲಿಸಿದರು. ಪುಟ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಒಂದು ಪುಟ ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಬಿಡಿಸಿ ನೋಡಿದರು.

"ಸಿಟ್ಟಿನ ಮಾತು ಇಲ್ಲಿ ಇಲ್ಲ" ಎಂದರು ಕೊನೆಗೆ. "ನೋಡಲ್ಲ ಅಂದಿದ್ದು... ಅಮ್ಮ ಹೇಳ್ತಿದ್ದಳಲ್ಲ, ಅದು ಇಲ್ಲಿ ಇಲ್ವಲ್ಲೇ."

ಕಥೆಯಕ್ಕ ಬಟ್ಟೆ ಕೆಳಗಿಡಲಿಲ್ಲ. "ಅಮ್ಮನ್ನ ಅಪ್ಪನಿಗೆ ಕೊಡುವಾಗ ಯಾರು ಕೇಳಿದ್ರು ಅಣ್ಣ? ಹದಿನಾಲ್ಕು ವರ್ಷ ಅವಳಿಗೆ. ಆ ಮಾತು ಅವಳು ಪುಸ್ತಕದಿಂದ ತರಲಿಲ್ಲ."

ಅಣ್ಣ ಪುಸ್ತಕ ಮುಚ್ಚಿ ಸ್ಟೂಲಿನ ಮೇಲಿಟ್ಟು ಬಾಯ್ಲರ್ ಕೋಣೆಗೆ ಹೋದರು. ಐವತ್ತು ವರ್ಷ ವೇದವಾಕ್ಯ ಎಂದು ನಂಬಿದ್ದನ್ನು ಹೆತ್ತ ತಾಯಿಯೇ ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತು ಹೊಸದಾಗಿ ಕಟ್ಟಿದ್ದಳು ಎಂದು ತಿಳಿದ ಮನುಷ್ಯನಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಅಂದಿನಿಂದ ಅವರು ಓದಲು ಕೂತಿಲ್ಲ. ಆದರೆ ಬಿಸಿ ಹೊರಹೋಗದಿರಲೆಂದು ಸದಾ ಮುಚ್ಚಿರಬೇಕಾದ ನಡುಬಾಗಿಲನ್ನು ಒಂದು ಗೇಣು ತೆರೆದಿಡತೊಡಗಿದ್ದಾರೆ. ಕೇಳಿದರೆ, ಒಳಗೆ ಸೆಖೆ ಎನ್ನುತ್ತಾರೆ. ಮೂವತ್ತು ವರ್ಷ ಆಗದ ಸೆಖೆ.

ಆಮೇಲೆ ಹನ್ನೊಂದು ದಿನ ಮೇಜಿನ ಬಳಿ ಯಾವ ಕಥೆಯೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿದ್ದ ಕೆಲಸ ಮೂರಾದರೂ ಮುಗಿಯಲಿಲ್ಲ. ವಾರ್ಡುಗಳಿಂದ ಬೆಡ್‌ಶೀಟು ಎಲ್ಲಿ ಎಂದು ಫೋನು. ಹೂಂ ತಂಗಿ ಕಥೆಯಕ್ಕನ ಹತ್ತಿರ ಮೆಲ್ಲಗೆ, ರಾಣಿ ಹೊರಗೆ ಹೋದವಳು ಎಲ್ಲಿಗೆ ಹೋದಳು ಅಂತಾದರೂ ಹೇಳಿ ಎಂದಳು. ಗಂಡನೂ ದಿನಾ ಕೇಳುತ್ತಿದ್ದಾನಂತೆ. ಮೇಜಿನ ಬಳಿ ಕೇಳಿದ ಕಥೆಯನ್ನೆಲ್ಲ ಆಕೆ ಮನೆಗೆ ಹೋಗಿ ಅವನಿಗೆ ಒಪ್ಪಿಸುತ್ತಾಳೆ. "ಅವಳು ಮನೆಯಲ್ಲಿ ಹೇಗೆ ಹೇಳ್ತಾಳೋ ನನಗೆ ಗೊತ್ತಿಲ್ಲ" ಎನ್ನುತ್ತಾರೆ ಕಥೆಯಕ್ಕ. "ನಂಗಿರೋದು ಒಂದೇ ಆಸೆ. ಇಪ್ಪತ್ತನೇ ಸುತ್ತು ಅವಳು ಹೇಳಲಿ, ನಾನು ಆ ತುದಿಗೆ ನಿಂತು ಹೂಂ ಅಂತೀನಿ. ನನ್ನ ರಾಣೀನ ಅವಳು ಏನು ಮಾಡ್ತಾಳೆ, ನೋಡ್ಬೇಕು."

ಹನ್ನೆರಡನೆಯ ದಿನ ಆಡಳಿತಾಧಿಕಾರಿ ಕಥೆಯಕ್ಕನನ್ನು ಮೇಲಕ್ಕೆ ಕರೆಸಿದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಕಾಗದ. ಕಥೆ ಹೇಳಲು ಅನುಮತಿ ಇದೆ, ಪುಸ್ತಕದಲ್ಲಿರುವುದನ್ನಷ್ಟೇ ಹೇಳತಕ್ಕದ್ದು, ಈಗಿರುವವರಿಗೂ ಮುಂದೆ ಬರುವವರಿಗೂ ಇದು ಅನ್ವಯಿಸುತ್ತದೆ. ಕೆಳಗೆ ಸಹಿಗೆ ಜಾಗ. ಸಹಿಯಾದ ದಿನವೇ ಹೊಲಿಗೆಯ ಮೇಜು ನಿಮ್ಮದು ಎಂದರು ಅಧಿಕಾರಿ. ಕಥೆಯಕ್ಕನ ನಾಲ್ಕೂ ಅರ್ಜಿಗಳನ್ನು ಜೋಡಿಸಿಟ್ಟುಕೊಂಡಿದ್ದರು.

ಕಥೆಯಕ್ಕ ಕಾಗದವನ್ನು ಎರಡು ಸಲ ಓದಿದರು. ಯಾವ ಪುಸ್ತಕ ಸರ್ ಎಂದು ಕೇಳಿದರು. ಅದೇ, ಆ ಮಹಾಕಾವ್ಯ ಎಂದರು ಅವರು. ಗ್ರಂಥಾಲಯಕ್ಕೆ ಅಣ್ಣನ ಪುಸ್ತಕ ಹಿಂದಿರುಗಿಸಲು ನಾನೇ ಹೋಗಿದ್ದೆ, ಅದೇ ಕಥೆಯ ಪುಸ್ತಕ ಒಂದು ಕಪಾಟು ತುಂಬ ಇದೆ, ತೆರೆದು ನೋಡಿದ ಮೂರರಲ್ಲಿ ಮೂರು ಬಗೆ ಇದೆ ಎಂದು ಇವರು ವಿವರಿಸಿದರು. ಅದರಲ್ಲಿ ನೀವು ಓದಿರುವುದು ಯಾವುದೆಂದು ಹೇಳಿದರೆ ಯೋಚಿಸಬಹುದು ಎಂದರು. ಅಧಿಕಾರಿ ಕಾಗದವನ್ನು ಕಥೆಯಕ್ಕನ ಕಡೆ ಇನ್ನಷ್ಟು ಸರಿಸಿದರು. ಯಾವುದನ್ನೂ ಓದಿರಲಿಲ್ಲ.

"ನೋಡಿಯಮ್ಮ, ವಾದ ಬೇಡ. ನಿಮ್ಮ ಭುಜದ ಸಲುವಾಗಿ ಹೇಳ್ತಿದ್ದೀನಿ. ಒಂದು ಸಹಿ. ನಾಳೆಯಿಂದ ಕೂತು ಕೆಲಸ ಮಾಡಿ."

"ನನ್ನ ಒಬ್ಬಳ ಬಾಯಿ ಆಗಿದ್ರೆ ಯೋಚನೆ ಮಾಡ್ತಿದ್ದೆನೇನೋ ಸರ್. ಇದರಲ್ಲಿ ಮುಂದೆ ಬರೋರ ಬಾಯಿಗೂ ಸೇರಿಸಿ ಹೊಲಿಗೆ ಹಾಕಿದ್ದೀರ. ಆ ಹೊಲಿಗೆ ನನ್ನ ಕೈಯಿಂದ ಬೀಳಲ್ಲ."

ಹಾಗಾದರೆ ಆದೇಶ ಹಾಗೇ ಇರುತ್ತದೆ, ಕಥೆ ಹೇಳಿದರೆ ನೋಟಿಸ್ ಕೊಡಬೇಕಾಗುತ್ತದೆ ಎಂದು ಅಧಿಕಾರಿ ದನಿ ಏರಿಸಿದರು.

"ಕೊಡಿ ಸರ್. ನಾಳೆ ಬೆಳಿಗ್ಗೆ ಐದಕ್ಕೆ ನಾನು ಅಲ್ಲೇ ಇರ್ತೀನಿ, ಮೇಜಿನ ಹತ್ತಿರ."

ಪೆನ್ನನ್ನು ಕಾಗದದ ಮೇಲಿಟ್ಟು ಎದ್ದರು. ಅಧಿಕಾರಿಯ ಮಾತು ಇನ್ನೂ ಮುಗಿದಿರಲಿಲ್ಲ. ಕೂತ್ಕೊಳ್ಳಿ, ನಾನಿನ್ನೂ ಹೇಳ್ತಿದ್ದೀನಿ ಎಂದದ್ದು ಬಾಗಿಲು ದಾಟಿದ ಮೇಲೆ ಕೇಳಿಸಿತಂತೆ. ಅದಾದ ಮೇಲೆ ಮೂರು ನೋಟಿಸ್ ಇಳಿದು ಬಂದಿವೆ, ಹೊಲಿಗೆಯ ಮೇಜು ಬೇರೆಯವರ ಪಾಲಾಗಿದೆ, ಕಥೆ ಒಂದು ದಿನವೂ ತಪ್ಪಿಲ್ಲ. ಮೇಲೆ ಬಂದು ಹೋಗಿ ಎಂದು ಎರಡು ಸಲ ಕರೆಯೂ ಬಂತು. ಕಥೆಯಕ್ಕ ಆ ಕೋಣೆಗೆ ಮತ್ತೆ ಹೋಗಿಲ್ಲ.